ಪರರ ಕಣ್ಣಿಲ್ಲದೆ: ಜಾಲತಾಣ, ಮೊಬೈಲ್ ಮತ್ತು ಅಂಗವಿಕಲರ ಸ್ವಾತಂತ್ರ್ಯ



ಕಾವ್ಯ, ನಾಟಕ, ನಾಡಿನ ಇತಿಹಾಸ ಮೊದಲಾದ ವಿಷಯಗಳನ್ನು ಕೇಳಿ ಪಳಗಿದ ಮುಂಬಯಿ ಕನ್ನಡಿಗರ ಈ ಸಭೆಯ ಮುಂದೆ ಜಾಲತಾಣವನ್ನೂ ಮೊಬೈಲ್ ಆ್ಯಪನ್ನೂ ಕುರಿತು ದತ್ತಿ ಉಪನ್ಯಾಸ ಮಾಡಹೊರಟಿರುವುದು ಕೆಲವರಿಗೆ ಅಪ್ರಸ್ತುತವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಬ್ಯಾಂಕಿನ ಲೆಕ್ಕ, ರೈಲಿನ ಟಿಕೇಟು, ವಿದ್ಯುತ್ತಿನ ಬಿಲ್ಲು, ಮಕ್ಕಳ ಶಾಲೆಯ ಶುಲ್ಕ, ವೈದ್ಯರ ಭೇಟಿಯ ಸಮಯ ಇವೆಲ್ಲವೂ ಗೇಣುದ್ದದ ಗಾಜಿನ ಪರದೆಯೊಳಕ್ಕೆ ಸರಿದುಹೋಗಿರುವ ಈ ಕಾಲದಲ್ಲಿ, ಆ ಪರದೆಯನ್ನು ಕಾಣಲಾರದವರು, ಅದರ ಮಾತನ್ನು ಕೇಳಲಾರದವರು, ಅದರ ಮೇಲೆ ಬೆರಳನ್ನು ನಿಶ್ಚಲವಾಗಿ ಊರಲಾರದವರು ತಮ್ಮ ನಿತ್ಯವ್ಯವಹಾರವನ್ನು ಹೇಗೆ ಸಾಗಿಸುವರೆಂಬುದು, ಸಾಹಿತ್ಯಾಸಕ್ತರೂ ಒಂದು ಸಂಜೆ ಕುಳಿತು ಯೋಚಿಸತಕ್ಕ ಪ್ರಶ್ನೆಯೆಂದು ನಾನು ನಂಬಿದ್ದೇನೆ. 2011ರ ಜನಗಣತಿಯು ನಮ್ಮ ದೇಶದ ಅಂಗವಿಕಲರ ಸಂಖ್ಯೆಯನ್ನು 2.68 ಕೋಟಿಯೆಂದು ಹೇಳಿತು. 1995ರ ಕಾಯಿದೆ 7 ಬಗೆಯ ವೈಕಲ್ಯಗಳನ್ನು ಮಾತ್ರ ಗಣಿಸಿದ್ದರೆ 2016ರ ಕಾಯಿದೆ 21 ಬಗೆಗಳನ್ನು ಗಣಿಸಿರುವುದರಿಂದ, ಮುಂದಿನ ಎಣಿಕೆಯಲ್ಲಿ ಆ ಸಂಖ್ಯೆ ಹಿಗ್ಗಿದರೆ ಅದು ಅನಿರೀಕ್ಷಿತವೇನಲ್ಲ.

ಈ ವಿಷಯವನ್ನು ದಯೆ, ಅನುಕಂಪ, ಸೇವೆ ಎಂಬ ಮಾತುಗಳಿಂದ ಆರಂಭಿಸುವ ರೂಢಿಯುಂಟು. ನಾನು ಗೌಪ್ಯದಿಂದ ಆರಂಭಿಸುತ್ತೇನೆ. ತನ್ನ ಖಾತೆಯಲ್ಲಿ ಎಷ್ಟು ಹಣವಿದೆ, ಯಾರಿಗೆ ಎಷ್ಟು ಕಳುಹಿಸಿದೆ, ಯಾವ ವ್ಯಾಧಿಗೆ ಯಾವ ಔಷಧಿಯನ್ನು ತರಿಸಿದೆ ಎಂಬುದನ್ನು ತಾನೊಬ್ಬನೇ ಅರಿತಿರುವ ಸುಖವು ಕಣ್ಣುಳ್ಳವರಿಗೆ ಎಷ್ಟು ಸಹಜವಾಗಿದೆಯೆಂದರೆ, ಅದನ್ನು ಸುಖವೆಂದು ಅವರು ಗುರುತಿಸುವುದೂ ಇಲ್ಲ. ಹಣಕಾಸಿನ ವ್ಯವಹಾರದಲ್ಲಿ ಅಂಧರಿಗೆ ಆ ಸುಖವನ್ನು ತಂದುಕೊಟ್ಟದ್ದು ಮಾತನಾಡುವ ಯಂತ್ರ. ಅಸಡ್ಡೆಯಿಂದ ನಿರ್ಮಿಸಿದ ಆ್ಯಪು ಕಸಿದುಕೊಳ್ಳುವುದೂ ಅದನ್ನೇ.

ನನಗೆ ಬಹುಕಾಲದಿಂದ ಪರಿಚಿತರಾದ ಒಬ್ಬರಿದ್ದಾರೆ. ಉಡುಪಿಯ ಕಡೆಯವರು; ಮುಂಬಯಿಯ ಫೋರ್ಟ್ ಪ್ರದೇಶದ ಒಂದು ಕಚೇರಿಯಲ್ಲಿ ಟೆಲಿಫೋನ್ ಆಪರೇಟರರಾಗಿ ದುಡಿದು ನಿವೃತ್ತರಾಗಿ ಈಗ ಡೊಂಬಿವಲಿಯಲ್ಲಿ ನೆಲೆಸಿರುವವರು; ಹುಟ್ಟುಕುರುಡರು. ಲೋಕಲ್ ಗಾಡಿಯಲ್ಲಿ ಅಂಗವಿಕಲರ ಡಬ್ಬಿ ನಿಲ್ಲುವ ಸ್ಥಳವನ್ನು ಸೂಚಿಸಲು ಪ್ಲಾಟ್‌ಫಾರಮಿನಲ್ಲಿ ಎಡೆಬಿಡದೆ ಕೂಗುವ ಬೀಪ್ ಧ್ವನಿಯನ್ನು ಹಿಡಿದು, ಯಾರ ಕೈಯನ್ನೂ ಹಿಡಿಯದೆ ಡಬ್ಬಿಯನ್ನೇರಿ ಕುಳಿತು, ಕಿವಿಗೊಂದು ಇಯರ್‌ಫೋನ್ ಸಿಕ್ಕಿಸಿ ಅವರು ಮೊಬೈಲನ್ನು ಬಳಸುವ ಪರಿಯನ್ನು ಪಕ್ಕದಲ್ಲಿ ಕುಳಿತು ನೋಡಬೇಕು. ಪರದೆ ಕತ್ತಲಾಗಿಯೇ ಇರುತ್ತದೆ, ಬೆಳಕು ಅವರಿಗೆ ಬೇಡ. ಬೆರಳನ್ನು ಬಲಕ್ಕೆ ಸವರಿದಂತೆಲ್ಲ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರು ಪರದೆಯ ಒಂದೊಂದೇ ಅಂಶದ ಹೆಸರನ್ನು ಹೇಳುತ್ತ ಹೋಗುತ್ತದೆ. ಬೇಕಾದುದು ಬಂದಾಗ ಎರಡು ಸಾರಿ ತಟ್ಟಿದರೆ ಅದು ತೆರೆದುಕೊಳ್ಳುತ್ತದೆ. ಅವರು ಇಟ್ಟುಕೊಂಡಿರುವ ವೇಗದಲ್ಲಿ ಆ ಮಾತು ನನಗೆ ಜೇನ್ನೊಣದ ಝೇಂಕಾರವಾಗಿ ಕೇಳಿತೇ ಹೊರತು ಒಂದಕ್ಷರವೂ ತಿಳಿಯಲಿಲ್ಲ.

ಅಂದು ಅವರು ತೆರೆದಿದ್ದುದು ಒಂದು ಬ್ಯಾಂಕಿನ ಆ್ಯಪು. ಹಿಂದಿನ ವಾರ ಅದನ್ನು ನವೀಕರಿಸಿದ್ದರು. ನೋಡುವವರ ಕಣ್ಣಿಗೆ ಅದು ಇನ್ನಷ್ಟು ಸೊಗಸಾಗಿತ್ತೆಂಬುದರಲ್ಲಿ ಸಂಶಯವಿಲ್ಲ. ಅಕ್ಷರಗಳಿದ್ದೆಡೆಯಲ್ಲಿ ಈಗ ಪುಟ್ಟ ಪುಟ್ಟ ಚಿತ್ರಗಳು ಬಂದಿದ್ದುವು. ಆ ಚಿತ್ರಗಳ ಹಿಂದೆ ಯಂತ್ರವು ಓದಬಹುದಾದ ಹೆಸರನ್ನು ಬರೆಯುವುದನ್ನು ನಿರ್ಮಾಪಕರು ಮರೆತಿದ್ದರು. ವೇಗವನ್ನು ತಗ್ಗಿಸಿ ಅವರು ನನಗೂ ಕೇಳಿಸಿದರು: ಬಟನ್, ಬಟನ್, ಲೇಬಲ್ ಇಲ್ಲದ ಬಟನ್, ಬಟನ್. ಇವುಗಳಲ್ಲಿ ಹಣ ಕಳುಹಿಸುವುದು ಯಾವುದು, ಖಾತೆಯಿಂದ ಹೊರಬರುವುದು ಯಾವುದು? "ಹಣ ಉಂಟು ಮಾರಾಯ್ರೆ, ಬಟನಿಗೆ ಹೆಸರೇ ಇಲ್ಲ" ಎಂದು ಅವರು ನಕ್ಕರು. ಆ ಸಂಜೆ ನೆರೆಮನೆಯ ಹುಡುಗನನ್ನು ಕರೆದು, ಪಿನ್ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಿ, ಬಿಲ್ಲನ್ನು ಕಟ್ಟಿಸಿದರಂತೆ. ಹುಡುಗ ಪ್ರಾಮಾಣಿಕನೇ. ಆದರೆ ತನ್ನ ಪಿನ್ನನ್ನು ಯಾರಿಗೂ ಹೇಳಕೂಡದೆಂದು ಬೆಳಗಾದರೆ ಸಂದೇಶ ಕಳುಹಿಸುವ ಬ್ಯಾಂಕೇ ತನ್ನ ಗ್ರಾಹಕನೊಬ್ಬನನ್ನು ಅದನ್ನು ಹೇಳಲೇಬೇಕಾದ ಸ್ಥಿತಿಗೆ ತಂದು ನಿಲ್ಲಿಸಿತೆಂಬುದನ್ನು ಗಮನಿಸಬೇಕು.

ಈ ಗೌಪ್ಯವು ಸುಲಭವಾಗಿ ದೊರೆತದ್ದಲ್ಲ, ಮತ್ತು ಅದನ್ನು ದೊರಕಿಸುವ ಹೋರಾಟದಲ್ಲಿ ನಮ್ಮ ಈ ಮಹಾನಗರದ ಪಾಲು ದೊಡ್ಡದು. ಅಂಧರ ರಾಷ್ಟ್ರೀಯ ಸಂಘವಾದ ನ್ಯಾಷನಲ್ ಅಸೋಸಿಯೇಷನ್ ಫಾರ್ ದ ಬ್ಲೈಂಡ್ 1952ರಲ್ಲಿ ಇಲ್ಲಿಯೇ ಹುಟ್ಟಿತು. ಸಂತ ಝೇವಿಯರ್ ಕಾಲೇಜಿನಲ್ಲಿ 2003ರಲ್ಲಿ ಆರಂಭವಾದ ದೃಷ್ಟಿವಿಕಲರ ಸಂಪನ್ಮೂಲ ಕೇಂದ್ರವು ಪುಸ್ತಕವನ್ನು ಓದಿಸುವುದರೊಡನೆ ತೃಪ್ತವಾಗದೆ ಬ್ಯಾಂಕುಗಳ ಬಾಗಿಲಿಗೂ ಹೋಯಿತು. ಅಂಧರು ಸಹಿಯನ್ನು ಒಂದೇ ತೆರನಾಗಿ ಮಾಡಲಾರರು, ಮೋಸಹೋಗುವರು ಎಂಬ ನೆಪದಲ್ಲಿ ಚೆಕ್ ಪುಸ್ತಕವನ್ನೂ ಎಟಿಎಂ ಕಾರ್ಡನ್ನೂ ನಿರಾಕರಿಸುವ ಪದ್ಧತಿ ಎಷ್ಟೋ ಕಡೆ ನಡೆದಿತ್ತು; ಹಾಗೆ ನಿರಾಕರಿಸಕೂಡದೆಂದು, ಕಾನೂನಿನ ದೃಷ್ಟಿಯಲ್ಲಿ ಅಂಧರು ಕರಾರಿಗೆ ಪೂರ್ಣ ಅರ್ಹರೆಂದು ರಿಸರ್ವ್ ಬ್ಯಾಂಕು 2008ರ ಜೂನ್‌ನಲ್ಲಿ ಬ್ಯಾಂಕುಗಳಿಗೆ ಸುತ್ತೋಲೆ ಹೊರಡಿಸಿತು. ನಾಲ್ಕು ವರ್ಷಗಳ ತರುವಾಯ, ಮುಂಬಯಿಯಲ್ಲಿಯೇ ಕೇಂದ್ರ ಕಚೇರಿಯುಳ್ಳ ಯೂನಿಯನ್ ಬ್ಯಾಂಕು ಅಹಮದಾಬಾದಿನಲ್ಲಿ ಮಾತನಾಡುವ ಎಟಿಎಮ್ಮನ್ನು ನಿಲ್ಲಿಸಿತು. ಇಯರ್‌ಫೋನನ್ನು ಚುಚ್ಚಿ, ಪರದೆಯನ್ನು ಆರಿಸಿ, ಹಿಂದೆ ನಿಂತವರಿಗೆ ಏನೂ ಕಾಣದಂತೆ ಹಣ ತೆಗೆಯಬಹುದಾದ ಯಂತ್ರವದು. 2016ರಿಂದ ಬಂದ ಹೊಸ ನೋಟುಗಳನ್ನು ಅಳತೆಯಿಂದ ಗುರುತಿಸುವುದು ದುಸ್ತರವಾದಾಗ ಅಂಧರ ಸಂಘವು ಮುಂಬಯಿಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಆ ವ್ಯಾಜ್ಯ ನಡೆದಿರುವಾಗಲೇ, 2020ರ ಜನವರಿ 1ರಂದು, ನೋಟನ್ನು ಕ್ಯಾಮರಾದ ಮುಂದೆ ಹಿಡಿದರೆ ಅದರ ಮೌಲ್ಯವನ್ನು ನುಡಿಯುವ 'ಮಣಿ' ಎಂಬ ಆ್ಯಪನ್ನು ರಿಸರ್ವ್ ಬ್ಯಾಂಕು ಬಿಡುಗಡೆ ಮಾಡಿತು. ಇಂಟರ್‌ನೆಟ್ಟಿನ ಹಂಗಿಲ್ಲದೆ ಅದು ಕೆಲಸಮಾಡುತ್ತದೆ. ಖೋಟಾ ನೋಟನ್ನು ಮಾತ್ರ ಕಂಡುಹಿಡಿಯಲಾರದು. ಕುರುಡನ ಕೈಗೆ ಹತ್ತರ ನೋಟನ್ನಿತ್ತು ನೂರೆಂದು ನಂಬಿಸುವ ಹಳೆಯ ಚಾತುರ್ಯಕ್ಕೆ ಅದರಿಂದ ಸ್ವಲ್ಪ ಧಕ್ಕೆಯಾಗಿರಬೇಕು.

ಹಾಗಾದರೆ ಒಂದು ಜಾಲತಾಣವು ಎಲ್ಲರಿಗೂ ತೆರೆದಿರಬೇಕಾದರೆ, ಅಂದರೆ ಸುಗಮ್ಯವಾಗಿರಬೇಕಾದರೆ, ಏನು ಮಾಡಬೇಕು? ವಿಶ್ವಜಾಲದ ನಿಯಮಗಳನ್ನು ರೂಪಿಸುವ ಡಬ್ಲ್ಯುತ್ರೀಸಿ ಎಂಬ ಒಕ್ಕೂಟವು 1999ರಲ್ಲಿಯೇ ಇದಕ್ಕೆ ಮಾರ್ಗಸೂಚಿಗಳನ್ನು ಹೊರಡಿಸಿ, 2008ರಲ್ಲಿ ಅವನ್ನು ಹೊಸದಾಗಿ ಬರೆದು, 2023ರವರೆಗೂ ವಿಸ್ತರಿಸುತ್ತ ಬಂದಿದೆ. ಗ್ರಂಥ ದೊಡ್ಡದು, ಆಶಯ ಸರಳ: ಪುಟದಲ್ಲಿರುವುದನ್ನು ಯಾವುದಾದರೊಂದು ಇಂದ್ರಿಯದಿಂದ ಗ್ರಹಿಸುವಂತಿರಬೇಕು, ಯಾವುದಾದರೊಂದು ರೀತಿಯಲ್ಲಿ ನಡೆಸುವಂತಿರಬೇಕು, ತಿಳಿಯುವಂತಿರಬೇಕು, ಇಂದಿನ ಮತ್ತು ಮುಂದಿನ ಸಾಧನಗಳೊಡನೆ ಹೊಂದಿಕೊಳ್ಳುವಂತಿರಬೇಕು. ಚಿತ್ರಕ್ಕೆ ವಿವರಣೆಯನ್ನೂ ಬಟನ್ನಿಗೆ ಹೆಸರನ್ನೂ ಬರೆಯಬೇಕು. ಹಿನ್ನೆಲೆಗೂ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಇರುವ ಕಾಂತಿಯ ಅನುಪಾತ 4.5ಕ್ಕೆ 1ಕ್ಕಿಂತ ಕಡಿಮೆಯಾಗಬಾರದು. ಬಿಳಿಯ ಮೇಲೆ ತಿಳಿಬೂದಿ ಅಕ್ಷರಗಳನ್ನಿಟ್ಟು ಅದನ್ನೇ ಸುರುಚಿಯೆಂದು ಮೆಚ್ಚಿಕೊಳ್ಳುವ ಇಂದಿನ ವಿನ್ಯಾಸಕಾರರು ಈ ಸಭೆಯಲ್ಲಿರುವ ಅರುವತ್ತು ದಾಟಿದವರ ಶಾಪವನ್ನೂ ಸಂಪಾದಿಸಿದ್ದಾರೆ. ಮಾತಿನಲ್ಲಿ ಹೇಳಿದುದು ಅಕ್ಷರದಲ್ಲಿಯೂ ಇರಬೇಕು. ಕುರ್ಲಾದಲ್ಲಿಯೋ ಠಾಣೆಯಲ್ಲಿಯೋ ಗಾಡಿಯ ಪ್ಲಾಟ್‌ಫಾರಮ್ ಬದಲಾಯಿತೆಂದು ಧ್ವನಿವರ್ಧಕ ಮಾತ್ರ ಘೋಷಿಸಿದಾಗ ಇಡೀ ಜನಸಂದಣಿ ಸೇತುವೆಯತ್ತ ಧಾವಿಸುವುದನ್ನು ಕಂಡು ಕಾರಣವರಿಯದೆ ನಿಲ್ಲುವ ಕಿವುಡನ ಸ್ಥಿತಿಯೇ, ಅಕ್ಷರಸಾಲುಗಳಿಲ್ಲದ ವಿಡಿಯೋದ ಮುಂದೆ ಕುಳಿತವನದೂ ಆಗಿರುತ್ತದೆ.

ಬೆರಳಿನ ವಿಷಯವನ್ನು ಸ್ವಲ್ಪ ವಿಸ್ತರಿಸಬೇಕು, ಏಕೆಂದರೆ ಸುಗಮ್ಯತೆಯೆಂದೊಡನೆ ನಾವು ಅಂಧರನ್ನು ಮಾತ್ರ ನೆನೆಯುತ್ತೇವೆ. 1972ರಲ್ಲಿ ಮಿಥು ಅಲೂರ್ ಅವರು ಮುಂಬಯಿಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿಯನ್ನು ಸ್ಥಾಪಿಸಿದರು. ಅವರ ಮಗಳು ಮಾಲಿನಿ ಚಿಬ್ ಸೆರೆಬ್ರಲ್ ಪಾಲ್ಸಿಯಿಂದಾಗಿ ಅಂಗಾಂಗಗಳ ಮೇಲೆ ಹತೋಟಿಯಿಲ್ಲದವರು. ಒಂದು ಕಿರುಬೆರಳಿನಿಂದ ಟೈಪ್ ಮಾಡಿ ತಮ್ಮ ಆತ್ಮಕಥೆಯನ್ನು ಬರೆದರು, ಅದರ ಹೆಸರೂ 'ಒನ್ ಲಿಟ್ಲ್ ಫಿಂಗರ್'. ಒಂದು ಬೆರಳಿನಿಂದ ಪುಸ್ತಕ ಬರೆಯಬಲ್ಲ ಲೇಖಕಿಗೆ, ಮೂವತ್ತು ಸೆಕೆಂಡಿನೊಳಗೆ ಓಟಿಪಿಯನ್ನು ತುಂಬದಿದ್ದರೆ ಮೊದಲಿನಿಂದ ಆರಂಭಿಸೆನ್ನುವ ಪುಟವು ಏನನ್ನು ಹೇಳಿದಂತಾಯಿತು? ಮೌಸಿಲ್ಲದೆ ಕೀಲಿಮಣೆಯೊಂದರಿಂದಲೇ ಪುಟವನ್ನೆಲ್ಲ ನಡೆಸುವಂತಿರಬೇಕು, ಕಾಲಾವಕಾಶವನ್ನು ಹೆಚ್ಚಿಸಿಕೊಳ್ಳುವಂತಿರಬೇಕು ಎಂಬ ನಿಯಮಗಳಿರುವುದು ಇಂಥವರಿಗಾಗಿ. ಕೈಮುರಿದು ಪಟ್ಟಿ ಕಟ್ಟಿಸಿಕೊಂಡವರೂ, ಮಗುವನ್ನೆತ್ತಿಕೊಂಡ ತಾಯಂದಿರೂ ಆ ನಿಯಮಗಳ ಫಲವನ್ನು ಉಣ್ಣುವರು.

ನಮ್ಮ ಅನೇಕ ಸರಕಾರೀ ಜಾಲತಾಣಗಳ ಮೂಲೆಯಲ್ಲಿ ಅಕ್ಷರವನ್ನು ಹಿರಿದು ಕಿರಿದು ಮಾಡುವ ಮೂರು ಗುರುತುಗಳೂ, 'ಸ್ಕ್ರೀನ್ ರೀಡರ್ ಸೌಲಭ್ಯ' ಎಂಬ ಒಂದು ಕೊಂಡಿಯೂ ಇರುತ್ತವೆ. ಕೊಂಡಿಯನ್ನು ಒತ್ತಿದರೆ ಯಾವ ಯಾವ ಸ್ಕ್ರೀನ್ ರೀಡರುಗಳು ಎಲ್ಲಿ ದೊರೆಯುವುವೆಂಬ ಪಟ್ಟಿ ಬರುತ್ತದೆ. ಸ್ಕ್ರೀನ್ ರೀಡರಿಲ್ಲದ ಅಂಧನು ಆ ಕೊಂಡಿಯನ್ನು ಕಾಣಲಾರ. ಅದು ಇದ್ದವನಿಗೆ ಪಟ್ಟಿಯಿಂದ ಪ್ರಯೋಜನವಿಲ್ಲ. ಪುಟವನ್ನು ಕಟ್ಟುವಾಗಲೇ ಮಾಡಬೇಕಾದ ಕೆಲಸವನ್ನು ಮಾಡದೆ ಕೊನೆಯಲ್ಲಿ ಅಂಟಿಸಿದ ಆಭರಣಗಳ ಗತಿ ಇದೇ. ಆ ಕೆಲಸವನ್ನು ಪರೀಕ್ಷಿಸಬಲ್ಲವರೂ ಅಂಗವಿಕಲರೇ ಎಂಬುದನ್ನು ಅರಿತು ಅವರನ್ನೇ ಪರೀಕ್ಷಕರನ್ನಾಗಿ ನೇಮಿಸಿಕೊಂಡ ಬ್ಯಾರಿಯರ್‌ಬ್ರೇಕ್ ಎಂಬ ಸಂಸ್ಥೆಯನ್ನು ಶಿಲ್ಪಿ ಕಪೂರ್ ಅವರು ಮುಂಬಯಿಯಲ್ಲಿ ಕಟ್ಟಿದ್ದಾರೆ. ಈ ನಗರದ ಬ್ಯಾಂಕುಗಳಿಗೆ ಪರೀಕ್ಷಕರು ದೊರೆಯಲಿಲ್ಲವೆಂಬ ನೆಪ ನಿಲ್ಲುವಂತಿಲ್ಲ.

ಇನ್ನು ಕನ್ನಡದ ಮಾತು. ಇಲ್ಲಿ ಅನ್ಯರನ್ನು ದೂರುವ ಅವಕಾಶ ನಮಗೆ ಕಡಿಮೆ. 2006ರಿಂದ ಉಚಿತವಾಗಿ ದೊರೆಯುತ್ತಿರುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರನ್ನೂ ಅದರೊಡನೆ ಬರುವ ಇಸ್ಪೀಕ್ ಧ್ವನಿಯನ್ನೂ ಬಳಸಿ ಕನ್ನಡವನ್ನು ಕೇಳಬಹುದು. ಮೊಬೈಲಿನಲ್ಲಿಯೂ ಕನ್ನಡದ ಧ್ವನಿಗಳಿವೆ. ಆದರೆ ಕೇಳಲು ಕನ್ನಡವಿರಬೇಕಷ್ಟೆ. ನಮ್ಮ ಎಷ್ಟೋ ಪುಸ್ತಕ, ಸ್ಮರಣಸಂಚಿಕೆ, ವರದಿಗಳು ಇಂದಿಗೂ ಯೂನಿಕೋಡಿನಲ್ಲಿಲ್ಲದೆ, ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧವಾಗುತ್ತಿವೆ. ಕಣ್ಣಿಗೆ ಅದು ಕನ್ನಡ, ಯಂತ್ರಕ್ಕೆ ಅಲ್ಲ. 'ನುಡಿ' ಎಂಬ ತಂತ್ರಾಂಶದ ಹಳೆಯ ಸಂಕೇತದಲ್ಲಿ 'ಕನ್ನಡ' ಎಂದು ಬರೆದುದನ್ನು ಸ್ಕ್ರೀನ್ ರೀಡರಿಗೆ ಒಪ್ಪಿಸಿದರೆ ಅದು ಕಾಣುವುದು ಒಂದು ಪೀ, ನಡುವೆ ಒಂದು ಪೌಂಡಿನ ಚಿಹ್ನೆ, ಕೊನೆಯಲ್ಲಿ ಒಂದು ಕ್ಯೂ, ಮತ್ತು ಅವುಗಳ ಬೆನ್ನಿಗೆ ಅಪರಿಚಿತ ಯುರೋಪಿಯನ್ ಅಕ್ಷರಗಳನ್ನು. ಯೂನಿಕೋಡಿನಲ್ಲಿ ಬರೆದ ಪುಟದಲ್ಲಿಯೂ, ಇದರ ಭಾಷೆ ಕನ್ನಡವೆಂದು ಸಂಕೇತದಲ್ಲಿ ಘೋಷಿಸದಿದ್ದರೆ, ಇಂಗ್ಲಿಷಿನ ಧ್ವನಿಯು ಅದನ್ನು ಓದಹೊರಟು ತೊದಲುವುದು ಅಥವಾ ಮೌನವಾಗುವುದು. ಸಂಘಸಂಸ್ಥೆಗಳ ಆಮಂತ್ರಣಗಳಂತೂ ವಾಟ್ಸ್ಆ್ಯಪಿನಲ್ಲಿ ಬಣ್ಣದ ಚಿತ್ರಗಳಾಗಿ ಹರಿದಾಡುತ್ತವೆ. ಮಾಟುಂಗಾದಲ್ಲೊಂದು ಯಕ್ಷಗಾನ, ಮಾಹಿಮಿನಲ್ಲೊಂದು ವಿಚಾರಸಂಕಿರಣ, ಕಲೀನಾದಲ್ಲೊಂದು ಪುಸ್ತಕ ಬಿಡುಗಡೆ: ನನ್ನ ಡೊಂಬಿವಲಿಯ ಮಿತ್ರರಿಗೆ ಇವೆಲ್ಲವೂ 'ಫೋಟೋ' ಎಂಬ ಒಂದೇ ಮಾತಾಗಿ ತಲಪುತ್ತವೆ. ಚಿತ್ರದ ಕೆಳಗೆ ದಿನ, ವೇಳೆ, ಸ್ಥಳಗಳನ್ನು ಎರಡು ಸಾಲು ಟೈಪ್ ಮಾಡುವುದಕ್ಕೆ ಯಾವ ನಿಧಿಯೂ ಬೇಕಾಗಿಲ್ಲ.

ಕಾನೂನಿನ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ಅಂಗವಿಕಲರ ಹಕ್ಕುಗಳ ಕಾಯಿದೆಯು ಮಾಹಿತಿ ತಂತ್ರಜ್ಞಾನವು ಅವರಿಗೆ ಸುಗಮ್ಯವಾಗಿರಬೇಕೆಂದು ವಿಧಿಸಿ, ಸರಕಾರೀ ಹಾಗೂ ಖಾಸಗೀ ಸೇವೆಗಳೆರಡನ್ನೂ ಬಂಧಿಸಿತು. ಆದರೆ ಅದರಡಿಯ ನಿಯಮಗಳು ಸಲಹೆಯ ಧಾಟಿಯಲ್ಲಿದ್ದುದರಿಂದ ಪಾಲಿಸದವರಿಗೆ ಭಯವಿರಲಿಲ್ಲ. ರಾಜೀವ್ ರತೂರಿ ಎಂಬ ಅಂಧ ಕಾರ್ಯಕರ್ತರು 2005ರಲ್ಲಿ ಹೂಡಿದ ಮೊಕದ್ದಮೆಯಲ್ಲಿ 2024ರ ನವೆಂಬರ್ 8ರಂದು ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ಹೀಗೆ ಸಲಹೆಯಾಗಿ ಉಳಿದ ನಿಯಮವು ಕಾಯಿದೆಗೆ ವಿರುದ್ಧವೆಂದು ಹೇಳಿ, ಕಡ್ಡಾಯವಾದ ಮಾನದಂಡಗಳನ್ನು ರಚಿಸಲು ಆಜ್ಞಾಪಿಸಿತು. ಇನ್ನೊಂದು ತೀರ್ಪು ನಮ್ಮ ಇಂದಿನ ವಿಷಯಕ್ಕೆ ಇನ್ನೂ ಸಮೀಪವಾದುದು. ಆಸಿಡ್ ದಾಳಿಗೆ ತುತ್ತಾಗಿ ಬದುಕುಳಿದ ಪ್ರಜ್ಞಾ ಪ್ರಸೂನ್ ಅವರು ಬ್ಯಾಂಕಿನಲ್ಲಿ ಖಾತೆ ತೆರೆಯಹೋದಾಗ, ತಾವು ಜೀವಂತ ವ್ಯಕ್ತಿಯೆಂಬುದನ್ನು ತೋರಿಸಲು ಕ್ಯಾಮರಾದ ಮುಂದೆ ಕಣ್ಣು ಮಿಟುಕಿಸಬೇಕೆಂಬ ನಿಯಮ ಅಡ್ಡಬಂದಿತು. ಆಸಿಡ್ಡು ಆ ಶಕ್ತಿಯನ್ನು ಅವರಲ್ಲಿ ಉಳಿಸಿರಲಿಲ್ಲ. ಮುಖವನ್ನು ಪರದೆಯ ಚೌಕಟ್ಟಿನೊಳಗೆ ತಂದು ನಿಲ್ಲಿಸೆನ್ನುವ ವಿಧಿ ಅಂಧರಿಗೆ ಅಸಾಧ್ಯವೆಂದು ಅಂಧ ನ್ಯಾಯವಾದಿ ಅಮರ್ ಜೈನ್ ಅವರೂ ಮೊರೆಹೋಗಿದ್ದರು. ನ್ಯಾಯಮೂರ್ತಿ ಪಾರ್ದೀವಾಲಾ ಮತ್ತು ನ್ಯಾಯಮೂರ್ತಿ ಮಹದೇವನ್ ಅವರ ಪೀಠವು 2025ರ ಏಪ್ರಿಲ್ 30ರಂದು, ಡಿಜಿಟಲ್ ಸೇವೆಗಳನ್ನು ಪಡೆಯುವ ಅವಕಾಶವು ಸಂವಿಧಾನದ 21ನೆಯ ಅನುಚ್ಛೇದವು ಕೊಡುವ ಜೀವಿಸುವ ಹಕ್ಕಿನ ಅಂಗವೆಂದು ಸಾರಿ 20 ನಿರ್ದೇಶನಗಳನ್ನು ನೀಡಿತು. ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಕುಳಿತು ಷೇರುಪೇಟೆಯನ್ನಾಳುವ ಸೆಬಿ ಆ ವರ್ಷ ಜುಲೈ 31ರಂದು ತನ್ನ ಅಧೀನದ ಸಂಸ್ಥೆಗಳಿಗೆಲ್ಲ ತಮ್ಮ ಜಾಲತಾಣ, ಆ್ಯಪುಗಳನ್ನು ಸುಗಮ್ಯವಾಗಿಸಬೇಕೆಂದು ಸುತ್ತೋಲೆ ಹೊರಡಿಸಿತು. ಸುತ್ತೋಲೆಗೂ ಪರದೆಗೂ ನಡುವಣ ದೂರವನ್ನು ಬಲ್ಲ ಮುಂಬಯಿಯ ಜನ ಇದರಿಂದ ಹಿಗ್ಗಬೇಕಾಗಿಲ್ಲ. ಆದರೂ ಹೆಸರಿಲ್ಲದ ಬಟನ್ನನ್ನು ಕಂಡ ಗ್ರಾಹಕನು ಇಂದು ಬರೆಯುವ ಪತ್ರ ದೂರಾಗಿ ದಾಖಲಾಗುವುದು, ಬೇಡಿಕೆಯಾಗಿ ಅಲ್ಲ.

ಈ ದತ್ತಿಯ ಸಂಚಾಲಕರು ಉಪನ್ಯಾಸವನ್ನು ಪುಸ್ತಿಕೆಯಾಗಿ ಅಚ್ಚುಹಾಕಿಸುವ ಪದ್ಧತಿಯನ್ನು ಇಟ್ಟುಕೊಂಡಿದ್ದಾರೆ. ಹಸ್ತಪ್ರತಿಯನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿ ಕೊಟ್ಟಿದ್ದೇನೆ; ಮುದ್ರಕರು ಅದನ್ನು ತಮ್ಮ ಹಳೆಯ ಅಕ್ಷರಶೈಲಿಗೆ ತಿರುಗಿಸಿಕೊಂಡರೂ ಮೂಲದ ಕಡತವನ್ನು ಹಾಗೆಯೇ ಉಳಿಸಿ, ಬಯಸಿದವರಿಗೆಲ್ಲ ಮೊಬೈಲಿನಲ್ಲಿ ಕಳುಹಿಸಲು ಸಂಚಾಲಕರು ಒಪ್ಪಿದ್ದಾರೆ. ಬೇಕಾದವರು ಹೊರಗಿನ ಮೇಜಿನಲ್ಲಿ ತಮ್ಮ ಸಂಖ್ಯೆಯನ್ನು ಬರೆದಿಡಬಹುದು. ಬರೆಯಲು ತೊಡಕುಳ್ಳವರು ಹೇಳಿದರೂ ಸಾಕು.