ಇಲ್ಲದ ಅರ್ಥ ಕಟ್ಟುವ ಆಟ

ಮಾತಿನಿಂದ ಆಡುವ ಆಟಗಳು ನಮಗೆ ಹೊಸವಲ್ಲ. ಒಗಟು, ಅಂತ್ಯಾಕ್ಷರಿ, ಸಮಸ್ಯಾಪೂರಣ, ಅವಧಾನ ಮುಂತಾದವು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿವೆ. ಆದರೆ ಇವೆಲ್ಲ ಬಲ್ಲವರ ಆಟಗಳು. ಪದ್ಯ ಬಾಯಿಗೆ ಬರಬೇಕು, ಛಂದಸ್ಸು ತಿಳಿದಿರಬೇಕು, ಇಲ್ಲವೇ ಒಗಟಿನ ಉತ್ತರವನ್ನು ಹಿಂದೆಂದೋ ಅಜ್ಜಿಯಿಂದ ಕೇಳಿರಬೇಕು. ಈ ದಿನ ನಾನು ಹೇಳಹೊರಟಿರುವ ಆಟದ ರೀತಿ ಬೇರೆ. ಇದನ್ನು ಆಡಲು ಮುಖ್ಯವಾಗಿ ಬೇಕಾದ ಅರ್ಹತೆ ಅಜ್ಞಾನ. ಆ ಅರ್ಹತೆ ನಮ್ಮಲ್ಲಿ ಯಾರಿಗೂ ಕಡಿಮೆಯಿಲ್ಲವಾದ್ದರಿಂದ ಆಟ ಎಲ್ಲರಿಗೂ ಒಗ್ಗುತ್ತದೆ.

ಸಾಮಗ್ರಿ ಅಲ್ಪ. ಒಂದು ದಪ್ಪ ನಿಘಂಟು, ಒಂದಷ್ಟು ಚೀಟಿಗಳು, ಸುತ್ತ ಕುಳಿತುಕೊಳ್ಳಲು ಐದಾರು ಜನ. ಒಬ್ಬರು ಆ ಸುತ್ತಿಗೆ ಯಜಮಾನರು. ಅವರು ನಿಘಂಟನ್ನು ತೆರೆದು, ಯಾರಿಗೂ ಗೊತ್ತಿರಲಾರದೆಂದು ತೋರುವ ಒಂದು ಪದವನ್ನು ಓದುತ್ತಾರೆ. ಉಳಿದವರು ತಮಗೆ ತೋಚಿದ ಒಂದು ಅರ್ಥವನ್ನು, ನಿಘಂಟಿನ ಗಂಭೀರ ಧಾಟಿಯಲ್ಲಿ, ಚೀಟಿಯಲ್ಲಿ ಬರೆದುಕೊಡುತ್ತಾರೆ. ಯಜಮಾನರು ನಿಜವಾದ ಅರ್ಥವನ್ನೂ ಒಂದು ಚೀಟಿಯಲ್ಲಿ ಬರೆದು, ಎಲ್ಲವನ್ನೂ ಬೆರೆಸಿ, ನಗದೆ ಒಂದೊಂದಾಗಿ ಓದುತ್ತಾರೆ. ಇವುಗಳಲ್ಲಿ ಯಾವುದು ನಿಜ? ಅದನ್ನು ಗುರುತಿಸಿದವರಿಗೆ ಅಂಕ. ತಾನು ಕಟ್ಟಿದ ಸುಳ್ಳನ್ನು ಇತರರು ನಂಬಿದರೆ, ನಂಬಿದ ಒಬ್ಬೊಬ್ಬರಿಗೂ ಒಂದೊಂದರಂತೆ ಅದಕ್ಕೂ ಅಂಕ. ಇನ್ನೊಂದು ನಿಯಮವುಂಟು. ಓದಿದ ಪದದ ಅರ್ಥ ಯಾರಿಗಾದರೂ ಮೊದಲೇ ತಿಳಿದಿದ್ದರೆ ಅವರು ಪ್ರಾಮಾಣಿಕವಾಗಿ ಹಾಗೆಂದು ಹೇಳಿಬಿಡಬೇಕು. ಆಗ ಆ ಪದ ರದ್ದು. ಬೇರೆ ಪದ ಹುಡುಕಬೇಕು. ಈ ಕೊನೆಯ ನಿಯಮವನ್ನು ಕೇಳುಗರು ದಯವಿಟ್ಟು ನೆನಪಿನಲ್ಲಿಡಬೇಕು. ನನ್ನ ಮಾತು ಹೋಗಿ ಸೇರುವುದು ಅಲ್ಲಿಗೇ.

ಇಂಗ್ಲಿಷಿನಲ್ಲಿ ಇದನ್ನು ಸರಳವಾಗಿ ‘ಡಿಕ್ಷನರಿ ಆಟ’ ಎನ್ನುತ್ತಾರೆ. ಕಟ್ಟುಕತೆಯನ್ನೂ ನಿಘಂಟನ್ನೂ ಬೆಸೆದು ‘ಫಿಕ್ಷನರಿ’ ಎಂದು ಕರೆಯುವುದೂ ಉಂಟು. ೧೯೬೫ರಲ್ಲಿ ಬಿ.ಬಿ.ಸಿ. ದೂರದರ್ಶನ ಇದೇ ಬಗೆಯ ‘ಕಾಲ್ ಮೈ ಬ್ಲಫ್’ ಎಂಬ ಕಾರ್ಯಕ್ರಮವನ್ನು ತೊಡಗಿಸಿತು. ಮೂವರು ಮೂವರ ಎರಡು ತಂಡ. ಒಂದು ತಂಡದ ಮೂವರು ಒಂದೇ ಪದಕ್ಕೆ ಮೂರು ಅರ್ಥ ಹೇಳುವರು; ಅದರಲ್ಲಿ ಒಂದು ಮಾತ್ರ ನಿಜ. ಅದನ್ನು ಎದುರು ತಂಡ ಕಂಡುಹಿಡಿಯಬೇಕು. ೧೯೮೪ರಲ್ಲಿ ಕೆನಡಾದಲ್ಲಿ ‘ಬಾಲ್ಡರ್‌ಡ್ಯಾಶ್’ ಎಂಬ ಹೆಸರಿನಲ್ಲಿ ಈ ಆಟ ಪೆಟ್ಟಿಗೆಯೊಳಗೆ ಕುಳಿತು ಅಂಗಡಿಗೂ ಬಂತು. ಮನೆಮಂದಿ ಬಿಡುವಿನಲ್ಲಿ ಪುಕ್ಕಟೆಯಾಗಿ ಆಡುತ್ತಿದ್ದುದಕ್ಕೆ ಬೆಲೆಯ ಚೀಟಿ ಅಂಟಿಕೊಂಡಿತು.

ನಾನು ಪಾಠ ಹೇಳುತ್ತಿದ್ದ ಮೈಸೂರು ಸೀಮೆಯ ಕಾಲೇಜಿನಲ್ಲಿ, ಕನ್ನಡ ಸಂಘದ ಸಂಜೆಗಳಲ್ಲಿ ನಾವು ಇದನ್ನು ಕನ್ನಡಕ್ಕೆ ಒಗ್ಗಿಸಿಕೊಂಡೆವು. ಮೇಜಿನ ಮೇಲೆ ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು; ಪಕ್ಕದಲ್ಲಿ ಸಾಹಿತ್ಯ ಪರಿಷತ್ತಿನ ನಿಘಂಟಿನ ಒಂದೆರಡು ಸಂಪುಟಗಳು. ಒಂದು ಸಂಜೆ ‘ಎರಲೆ’ ಎಂಬ ಪದ ಬಂತು. ಚೀಟಿಗಳನ್ನು ಓದಿದೆ. ‘ಲೋಹದ ಎರಕ ಹೊಯ್ಯಲು ಬಳಸುವ ಮಣ್ಣಿನ ಅಚ್ಚು’ ಎಂದು ಒಂದು. ‘ಎರೆಯ ಹೊಲಗಳ ನಡುವೆ ಬೇಸಗೆಯಲ್ಲಿ ಮಾತ್ರ ನಡೆದಾಡಬಹುದಾದ ಕಾಲುದಾರಿ’ ಎಂದು ಇನ್ನೊಂದು. ‘ತಲೆಗೆ ಎಣ್ಣೆ ಒತ್ತಿ ನೀರೆರೆಯುವ ಹೆಂಗಸು’ ಎಂದು ಮತ್ತೊಂದು. ನಡುವೆ ‘ಜಿಂಕೆ’ ಎಂಬ ಒಂದೇ ಮಾತಿನ ಬಡ ಚೀಟಿ. ಹೆಚ್ಚಿನ ಮತಗಳು ಬಿದ್ದದ್ದು ಕಾಲುದಾರಿಗೆ. ಹಳಗನ್ನಡ ಕಾವ್ಯಗಳ ಕಾಡಿನಲ್ಲಿ ನೂರಾರು ವರ್ಷ ನೆಗೆದಾಡಿದ ಪಾಪದ ಜಿಂಕೆಗೆ ಒಂದು ಮತವೂ ಬೀಳಲಿಲ್ಲ.

ಸುಳ್ಳು ಏಕೆ ಗೆಲ್ಲುತ್ತದೆ? ಹಲವು ವರ್ಷ ಯಜಮಾನಿಕೆ ಮಾಡಿದ ಮೇಲೆ ಕೆಲವು ಗುಟ್ಟುಗಳು ನನಗೆ ತಿಳಿದವು. ಮೊದಲನೆಯದು, ಗೆಲ್ಲುವ ಸುಳ್ಳು ನಮಗೆ ಗೊತ್ತಿರುವ ಇನ್ನೊಂದು ಪದದ ಕೈ ಹಿಡಿದುಕೊಂಡೇ ಬರುತ್ತದೆ. ಎರಲೆ ಎಂದೊಡನೆ ಎರೆಮಣ್ಣು ನೆನಪಾದರೆ ಮನಸ್ಸಿಗೆ ಸಮಾಧಾನ. ಎರಡನೆಯದು, ಅದು ಅನಾವಶ್ಯಕವಾದ ಒಂದು ವಿವರವನ್ನು ಹೊತ್ತಿರುತ್ತದೆ. ‘ಬೇಸಗೆಯಲ್ಲಿ ಮಾತ್ರ’ ಎಂಬ ಎರಡು ಮಾತು ಇಲ್ಲದಿದ್ದರೆ ಆ ಕಾಲುದಾರಿಯಲ್ಲಿ ಅಷ್ಟು ಜನ ನಡೆಯುತ್ತಿರಲಿಲ್ಲ. ಮೂರನೆಯದು, ಅದು ನಗಿಸುವುದಿಲ್ಲ. ನಮ್ಮ ಬೀಚಿಯವರು ‘ತಿಮ್ಮಿಕ್ಷನರಿ’ಯಲ್ಲಿ ಮಾಡಿದ್ದು ಬೇರೆಯ ಕೆಲಸ. ಅಲ್ಲಿ ಪದ ಎಲ್ಲರಿಗೂ ಗೊತ್ತು, ಅರ್ಥ ಮಾತ್ರ ಓರೆ. ಓರೆಯೆಂದು ಓದುಗನಿಗೂ ಗೊತ್ತು, ಅದಕ್ಕೇ ನಗು. ಈ ಆಟದ ಸುಳ್ಳು ನಿಜದ ಮೊಗವಾಡವನ್ನು ಬಿಗಿಯಾಗಿ ಕಟ್ಟಿಕೊಂಡಿರುತ್ತದೆ. ನಿಜಕ್ಕೆ ಆ ಚಿಂತೆಯಿಲ್ಲ. ಅದು ನಂಬಿಸಲು ಹೊರಟದ್ದಲ್ಲವಾದ್ದರಿಂದ ಬಹಳ ಸಲ ಅಸಂಭವವಾಗಿಯೇ ಕಾಣುತ್ತದೆ.

ಚೀಟಿಗಳ ಸುಳ್ಳು ಚೀಟಿಯಲ್ಲೇ ಮುಗಿದರೆ ಬಾಧೆಯಿಲ್ಲ. ಆದರೆ ಈ ಆಟವನ್ನು ಊರಿಗೆ ಊರೇ ಆಡಿಬಿಡುವುದುಂಟು. ಹೊಯ್ಸಳ ವೀರಬಲ್ಲಾಳ ಬೇಟೆಯಲ್ಲಿ ದಾರಿ ತಪ್ಪಿದನೆಂದೂ, ಮುದುಕಿಯೊಬ್ಬಳು ಬೇಯಿಸಿದ ಕಾಳು ಕೊಟ್ಟು ಉಪಚರಿಸಿದಳೆಂದೂ, ಆ ‘ಬೆಂದ ಕಾಳೂರೇ’ ಬೆಂಗಳೂರಾಯಿತೆಂದೂ ನಾವೆಲ್ಲ ಶಾಲೆಯಲ್ಲಿ ಕೇಳಿದವರೇ. ಮೇಲೆ ಹೇಳಿದ ಮೂರು ಗುಟ್ಟೂ ಈ ಕತೆಯಲ್ಲಿವೆ: ಗೊತ್ತಿರುವ ಪದದ ಆಸರೆ, ಹಸಿದ ರಾಜನ ವಿವರ, ಗಂಭೀರವಾದ ಮುಖ. ಆದರೆ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಗಂಗರ ಕಾಲದ, ಸುಮಾರು ಕ್ರಿ.ಶ. ೮೯೦ರ ಒಂದು ವೀರಗಲ್ಲಿದೆ. ಅದರಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖವಿದೆ. ವೀರಬಲ್ಲಾಳ ಹನ್ನೆರಡನೆಯ ಶತಮಾನದ ಕೊನೆಯವನು. ಅವನು ಕಾಳು ತಿನ್ನುವುದಕ್ಕೆ ಮೂರು ಶತಮಾನ ಮೊದಲೇ ಊರಿಗೆ ಹೆಸರಿತ್ತು. ಆದರೂ ಮತ ಹಾಕುವಾಗ ಕಲ್ಲಿಗಿಂತ ಕಾಳಿಗೇ ಹೆಚ್ಚು ಜನ. ಕತೆ ಸವಿಯಾದದ್ದು, ಕತೆಯಾಗಿ ಅದು ಉಳಿಯಲಿ. ಚರಿತ್ರೆಯ ಪೀಠದಲ್ಲಿ ಅದನ್ನು ಕೂರಿಸಿದರೆ ಮಾತ್ರ ಕಲ್ಲಿನ ಸಾಕ್ಷಿಗೆ ಅನ್ಯಾಯವಾಗುತ್ತದೆ.

ನಿಘಂಟುಗಳಾದರೂ ಈ ಆಟದಿಂದ ಪೂರ್ತಿ ತಪ್ಪಿಸಿಕೊಂಡಿವೆಯೇ? ೧೯೩೪ರ ವೆಬ್‌ಸ್ಟರ್ ನಿಘಂಟಿನಲ್ಲಿ ‘ಡೋರ್ಡ್’ ಎಂಬ ಪದವಿತ್ತು. ಭೌತ ಮತ್ತು ರಸಾಯನ ಶಾಸ್ತ್ರಗಳಲ್ಲಿ ಸಾಂದ್ರತೆ ಎಂದು ಅದಕ್ಕೆ ಅರ್ಥ. ನಡೆದದ್ದಿಷ್ಟು. ಸಾಂದ್ರತೆಗೆ ಸಂಕೇತವಾಗಿ ದೊಡ್ಡ ‘ಡಿ’ ಅಥವಾ ಸಣ್ಣ ‘ಡಿ’ ಅಕ್ಷರವನ್ನು ಬಳಸಬಹುದೆಂದು ಸಂಪಾದಕರೊಬ್ಬರು ಚೀಟಿ ಬರೆದಿದ್ದರು. ‘ಅಥವಾ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ಆರ್’ ತಾನೆ! ಎರಡು ಅಕ್ಷರಗಳೂ ನಡುವಿನ ‘ಆರ್’ ಕೂಡಿಕೊಂಡು ಒಂದು ಪದವಾಗಿ, ಪದಗಳ ಚೀಟಿಗಳೊಡನೆ ಸೇರಿಹೋದವು. ೧೯೩೯ರಲ್ಲಿ ಇನ್ನೊಬ್ಬ ಸಂಪಾದಕರು ಈ ಪದಕ್ಕೆ ವ್ಯುತ್ಪತ್ತಿಯೇ ಇಲ್ಲವೆಂಬುದನ್ನು ಗಮನಿಸಿದರು. ೧೯೪೭ರ ಹೊತ್ತಿಗೆ ಅದು ಹೊರಹೋಯಿತು. ಇದು ಕೈತಪ್ಪು. ತಿಳಿದೇ ಸೇರಿಸಿದ್ದೂ ಉಂಟು. ೨೦೦೧ರ ನ್ಯೂ ಆಕ್ಸ್‌ಫರ್ಡ್ ಅಮೆರಿಕನ್ ನಿಘಂಟಿನಲ್ಲಿ ‘ಎಸ್ಕ್ವಿವೇಲಿಯನ್ಸ್’ ಎಂಬ ಪದವನ್ನು ಸೃಷ್ಟಿಸಿ ಇಟ್ಟಿದ್ದರು. ತನ್ನ ಕರ್ತವ್ಯದಿಂದ ಬೇಕೆಂದೇ ನುಣುಚಿಕೊಳ್ಳುವುದು ಎಂದು ಅದರ ಅರ್ಥ. ಯಾರಾದರೂ ನಿಘಂಟನ್ನು ಕದ್ದು ನಕಲು ಮಾಡಿದರೆ ಈ ಪದವೂ ಜೊತೆಗೆ ಹೋಗಿ ಕಳ್ಳನನ್ನು ಹಿಡಿದುಕೊಡಲಿ ಎಂಬುದು ಉಪಾಯ. ೨೦೦೫ರಲ್ಲಿ ಗುಟ್ಟು ಬಯಲಾಯಿತು.

ಹಾಗಾದರೆ ಯಾವ ಅರ್ಥವನ್ನು ನಂಬುವುದು? ನಮ್ಮ ಹಿರಿಯರು ಇದಕ್ಕೆ ಒಂದೇ ಮಾತಿನ ಉತ್ತರ ಕೊಟ್ಟಿದ್ದಾರೆ: ಪ್ರಯೋಗ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದ ಕೊನೆಯಲ್ಲಿ ಹಳೆಯ ಪದಗಳಿಗೆ ಅರ್ಥ ಹೇಳುವ ಭಾಗಕ್ಕೆ ‘ಪ್ರಯೋಗಸಾರ’ವೆಂದೇ ಹೆಸರಿಟ್ಟ. ಅವನ ಕಾಲಕ್ಕೇ ಪೂರ್ವಕವಿಗಳ ಮಾತು ಓದುಗರಿಗೆ ಎಡರಾಗತೊಡಗಿತ್ತೆಂಬುದು ಇದರಿಂದ ತಿಳಿಯುತ್ತದೆ. ಕಿಟ್ಟೆಲರು ಅರ್ಥದ ಪಕ್ಕದಲ್ಲಿ ಬಸವಪುರಾಣ, ಜೈಮಿನಿ ಭಾರತ ಮುಂತಾದ ಆಕರಗಳ ಸಂಕೇತಾಕ್ಷರಗಳನ್ನು ಕೊಟ್ಟರು. ೧೯೯೫ರಲ್ಲಿ ಎಂಟನೆಯ ಸಂಪುಟದೊಡನೆ ಪೂರ್ಣಗೊಂಡ ಪರಿಷತ್ತಿನ ನಿಘಂಟು ಶಾಸನಗಳಿಂದಲೂ ಕಾವ್ಯಗಳಿಂದಲೂ ಪ್ರಯೋಗಗಳನ್ನು ಆಯ್ದು ಪದದ ಕೆಳಗೆ ನಿಲ್ಲಿಸಿತು. ಅರ್ಥ ಹೇಳುವವನು ವಕೀಲ, ಪ್ರಯೋಗವೇ ಸಾಕ್ಷಿ. ಸಾಕ್ಷಿಯಿಲ್ಲದ ವಕೀಲನ ಮಾತು ಎಷ್ಟು ಸೊಗಸಾಗಿದ್ದರೂ ಅದು ಆಟದ ಚೀಟಿಯೇ. ಮೊಬೈಲಿನಲ್ಲಿ ಈಗ ದಿನಕ್ಕೊಂದರಂತೆ ಬಂದು ಬೀಳುವ ಶಬ್ದವ್ಯುತ್ಪತ್ತಿಗಳನ್ನು ಓದುವಾಗ ನಾನು ಹುಡುಕುವುದು ಈ ಸಾಕ್ಷಿಯನ್ನೇ.

ಇಷ್ಟೇ ಆಗಿದ್ದರೆ ಈ ಆಟ ಶಬ್ದಶಾಸ್ತ್ರದ ಒಂದು ಒಳ್ಳೆಯ ಪಾಠವೆಂದು ಹೇಳಿ ನಾನು ಮುಗಿಸಬಹುದಿತ್ತು. ಆದರೆ ಸಾಕ್ಷಿಯಲ್ಲಿ ಇನ್ನೊಂದು ಬಗೆಯಿದೆ. ಅದು ತಿಳಿದದ್ದು ‘ಹಗೇವು’ ಎಂಬ ಪದ ಬಂದ ಸಂಜೆ. ಚೀಟಿಗಳು ಬಂದವು. ‘ಹಗೆ ತೀರುವವರೆಗೆ ತೊಡುವ ವ್ರತ’, ‘ಹಗಲಿನಲ್ಲಿ ಬೀಳುವ ಇಬ್ಬನಿ’, ಹೀಗೆ. ಒಬ್ಬ ಹುಡುಗಿ ಮಾತ್ರ ಚೀಟಿ ಬರೆಯಲಿಲ್ಲ. ರಾಯಚೂರಿನ ಕಡೆಯಿಂದ ಬಂದು ಓದುತ್ತಿದ್ದವಳು. ತರಗತಿಯಲ್ಲಿ ಬಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ. “ಇದು ನನಗ ಗೊತ್ತೈತ್ರಿ ಸರ. ನಮ್ಮ ಮನ್ಯಾಗ ಇತ್ತು” ಎಂದಳು. ನಿಯಮದ ಪ್ರಕಾರ ಪದ ರದ್ದು. “ಛೆ, ಒಳ್ಳೆಯ ಪದ ಹಾಳಾಯಿತು” ಎಂದು ಯಾರೋ ಗೊಣಗಿದರು.

ಪದ ಹಾಳಾಗಲಿಲ್ಲ. ನಾನು ಅವಳಿಗೆ ಹೇಳಮ್ಮ ಎಂದೆ. ಹಗೇವು ಎಂದರೆ ಧಾನ್ಯ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ನಿಘಂಟು ಹೇಳುವುದು ಅಷ್ಟನ್ನೇ, ಅದು ಸರಿಯೂ ಹೌದು. ಅವಳು ಹೇಳಿದ್ದು ಬಹಳ. ಬಾಯಿ ಕಿರಿದು, ಒಳಗೆ ಹೊಟ್ಟೆ ದೊಡ್ಡದು. ತಳಕ್ಕೂ ಸುತ್ತಲೂ ಒಣಹುಲ್ಲು ಕೊಟ್ಟು ಜೋಳ ತುಂಬುತ್ತಾರೆ. ಬಾಯಿಗೆ ಕಲ್ಲುಚಪ್ಪಡಿ ಹಾಕಿ ಮಣ್ಣು ಮೆತ್ತುತ್ತಾರೆ. ತೆಗೆಯುವ ದಿನ ಯಾರೂ ಥಟ್ಟನೆ ಒಳಗಿಳಿಯುವಂತಿಲ್ಲ. ಬಾಯಿ ತೆರೆದು ಬಹಳ ಹೊತ್ತು ಬಿಡಬೇಕು, ಆಮೇಲೆ ಹಗ್ಗ ಕಟ್ಟಿ ದೀಪ ಇಳಿಸಬೇಕು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿಯಿದೆ. ಉರಿದರೆ ಮನುಷ್ಯ ಇಳಿಯಬಹುದು. ಮುಚ್ಚಿದ ಗುಂಡಿಯಲ್ಲಿ ಧಾನ್ಯ ಉಸಿರಾಡಿ ಬಿಟ್ಟ ಇಂಗಾಲದ ಡೈ ಆಕ್ಸೈಡು ತುಂಬಿಕೊಳ್ಳುತ್ತದೆ. ಹುಳುವನ್ನು ಕೊಂದು ಜೋಳವನ್ನು ಕಾಯುವ ಆ ಗಾಳಿಯೇ ಮನುಷ್ಯನನ್ನೂ ಕೊಲ್ಲಬಲ್ಲದು. ಅಜ್ಜ ದೀಪ ಇಳಿಸುವಾಗ ಮನೆಯವರೆಲ್ಲ ಸುತ್ತ ನಿಂತು ಮಾತಿಲ್ಲದೆ ನೋಡುತ್ತಿದ್ದರಂತೆ. “ಬರೇ ಹಗೆ ಅಂತನೂ ಅಂತಾರ್ರಿ. ಈಗ ನಮ್ಮದನ್ನ ಮುಚ್ಯಾರ್ರಿ, ಮ್ಯಾಲೆ ಟ್ರ್ಯಾಕ್ಟರ್ ನಿಲ್ಲಸ್ತಾರ” ಎಂದು ಹೇಳಿ ಕುಳಿತಳು.

ನಾವು ಆಟವಾಡುತ್ತಿದ್ದದ್ದು ‘ಕ್ಲಿಷ್ಟ ಪದ’ಗಳಲ್ಲಿ. ಕ್ಲಿಷ್ಟ ಯಾರಿಗೆ? ಆ ಸಂಜೆಯಿಂದ ನನಗೆ ಈ ಪ್ರಶ್ನೆ ಅಂಟಿಕೊಂಡಿದೆ. ಎರಲೆಯಂಥ ಪದಕ್ಕೆ ಈಗ ಕಾವ್ಯವೇ ಮನೆ. ಅದರ ಸಾಕ್ಷಿ ಪುಸ್ತಕದಲ್ಲಿ ಭದ್ರವಾಗಿದೆ. ಹಗೇವಿನಂಥ ಪದದ ಸಾಕ್ಷಿ ಒಬ್ಬ ಅಜ್ಜನ ಕೈಯಲ್ಲಿದ್ದ ದೀಪ. ಮಲೆನಾಡಿನ ಮಳೆಯಲ್ಲಿ ತಲೆಯ ಮೇಲೆ ಹೊತ್ತ ‘ಗೊರಬು’, ಕಣದ ನಡುವೆ ನೆಟ್ಟು ಎತ್ತು ಕಟ್ಟಿದ ‘ಮೇಟಿ’, ಮೂಲೆಯಲ್ಲಿ ಒಂದರ ಮೇಲೊಂದು ಮಡಕೆಯಿಟ್ಟ ‘ಅಡಕಲು’ ಇವೂ ಹೀಗೆಯೇ. ಇವು ಪಂಡಿತರು ಕಟ್ಟಿದ ಕಠಿಣ ಪದಗಳಲ್ಲ. ಅಕ್ಷರ ಬಾರದವರ ಬಾಯಲ್ಲಿ ದಿನಬಳಕೆಯಾಗಿದ್ದವು. ವಸ್ತು ಹೋಯಿತು, ಕೆಲಸ ಹೋಯಿತು, ಪದ ನಿಘಂಟಿಗೆ ಹೋಗಿ ಕುಳಿತಿತು. ಅಲ್ಲಿ ಅದನ್ನು ಕಂಡ ನಾವು ಕ್ಲಿಷ್ಟವೆಂದು ಹೆಸರಿಟ್ಟೆವು. ನಿಘಂಟಿನ ಒಂದು ಸಾಲು ಉಳಿಯುತ್ತದೆ, ಸಂತೋಷ. ದೀಪ ಇಳಿಸಿ ನೋಡಬೇಕೆಂಬ ವಿವೇಕ ಆ ಸಾಲಿನಲ್ಲಿ ಹಿಡಿಯುವುದಿಲ್ಲ. ಅದನ್ನು ಬಲ್ಲವರು ನಮ್ಮ ನಡುವೆ ಇನ್ನೂ ಇದ್ದಾರೆ. ಎಷ್ಟು ದಿನ ಇರುತ್ತಾರೆಂದು ಹೇಳುವವರಿಲ್ಲ.

ಆದ್ದರಿಂದ ನಮ್ಮ ಸಂಘದಲ್ಲಿ ಆ ಕೊನೆಯ ನಿಯಮವನ್ನು ತಿದ್ದಿಕೊಂಡೆವು. ಯಾರಿಗಾದರೂ ಪದ ತಿಳಿದಿದ್ದರೆ ಅದು ರದ್ದಾಗುವುದಿಲ್ಲ. ಅವರು ಸುಮ್ಮನಿರಬೇಕು, ಉಳಿದವರು ತಮ್ಮ ಸುಳ್ಳುಗಳನ್ನು ಕಟ್ಟಿ, ಮತ ಹಾಕಿ, ನಕ್ಕು ಮುಗಿಸಬೇಕು. ಬಳಿಕ ಬಲ್ಲವರು ಎದ್ದು ತಾವು ಕಂಡದ್ದನ್ನು ಹೇಳಬೇಕು. ಮಿಕ್ಕವರು ಅದನ್ನು ಬರೆದುಕೊಳ್ಳಬೇಕು. ಎಲ್ಲಕ್ಕಿಂತ ಹೆಚ್ಚಿನ ಅಂಕ ಅವರಿಗೆ. ಸುಳ್ಳಿನ ಸಂತೋಷಕ್ಕೆ ಇದರಿಂದ ಏನೂ ಕುಂದಾಗಲಿಲ್ಲ. ಅಲ್ಲಿಯವರೆಗೆ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕೂರುತ್ತಿದ್ದ ಹಳ್ಳಿಯ ಮಕ್ಕಳು ಮಾತ್ರ ಮೇಜಿನ ಹತ್ತಿರಕ್ಕೆ ಬಂದರು.

ಕೇಳುಗ ಮಿತ್ರರು ಈ ಆಟವನ್ನು ಮನೆಯಲ್ಲಿ ಆಡಿ ನೋಡಬಹುದು. ಮಕ್ಕಳಿರಲಿ, ಮನೆಯ ಅತ್ಯಂತ ಹಿರಿಯರೂ ಇರಲಿ. ಮೊದಲ ಸುತ್ತಿಗೆ ಒಂದು ಪದವನ್ನು ನಾನೇ ಕೊಡುತ್ತೇನೆ: ‘ನೆಲುವು’. ಬೆಣ್ಣೆಗೂ ಬೆಕ್ಕಿಗೂ ಬಾಲಕೃಷ್ಣನಿಗೂ ಸಂಬಂಧಪಟ್ಟದ್ದು ಎಂಬಷ್ಟು ಸುಳಿವು ಸಾಕು. ಮಕ್ಕಳು ತಮ್ಮ ಸುಳ್ಳುಗಳನ್ನು ಚೆನ್ನಾಗಿ ಕಟ್ಟಲಿ. ಆಮೇಲೆ ನಿಘಂಟು ತೆರೆಯುವ ಮೊದಲು ಅಜ್ಜಿಯ ಕಡೆ ತಿರುಗಿ ಕೇಳಲಿ.