ರಕ್ತದೊಳಗಿನ ಕುಡುಗೋಲು

ಹೆಮ್ಮಿಗೆಯಂಥ ನಮ್ಮ ಹೊಳೆಬದಿಯ ಊರುಗಳಲ್ಲಿ ಕೂಸು ಮತ್ತೆ ಮತ್ತೆ ಕಾಹಿಲೆ ಬಿದ್ದರೆ ದೃಷ್ಟಿ ತೆಗೆಯುವುದುಂಟು. ಫಲಿಸದಿದ್ದರೆ ಸೊಸೆಯ ಕಾಲ್ಗುಣವೆನ್ನುವುದೂ ಉಂಟು. ಈ ಎರಡನೆಯ ಮಾತು ಶುದ್ಧ ಅನ್ಯಾಯ. ಹೇಗೆಂದು ಕೇಳಿ.

ನಂಜನಗೂಡನ್ನು ಹಾದು ಹೋಗುವ ರಸ್ತೆ ಊಟಿಯನ್ನು ಸೇರುತ್ತದಷ್ಟೆ. ಆ ನೀಲಗಿರಿಯ ಗಿರಿಜನರಲ್ಲಿಯೇ 1952ರಲ್ಲಿ ಲೆಹ್ಮನ್, ಕಟ್‌ಬುಷ್ ಎಂಬ ವಿಜ್ಞಾನಿಗಳು ಭಾರತದಲ್ಲಿ ಮೊದಲಿಗೆ ಕುಡುಗೋಲು ರಕ್ತಕಣವನ್ನು ಗುರುತಿಸಿದರು. ಮುಂದೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿಯೂ ಅದು ಕಂಡುಬಂದಿತು. ದುಂಡಗಿರಬೇಕಾದ ಕೆಂಪು ಕಣ ಕುಡುಗೋಲಿನಂತೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮಗು ಬಿಳಿಚಿಕೊಂಡು, ಕೈಕಾಲು ನೋವೆಂದು ಅಳುತ್ತದೆ.

ಈ ದೋಷದ ಒಂದೇ ಪಾಲು ಪಡೆದವರು ವಾಹಕರು, ರೋಗಿಗಳಲ್ಲ. ಗದ್ದೆ ಗೇಯುತ್ತ ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಇಂಥ ಇಬ್ಬರು ಸತಿಪತಿಗಳಾದರೆ ಪ್ರತಿ ಬಸಿರಿನಲ್ಲೂ ರೋಗಕ್ಕೆ ನಾಲ್ಕರಲ್ಲೊಂದು ಸಂಭವ. ಮೊದಲ ಮಗುವಿಗೆ ಬಂದಿತೆಂದು ಎರಡನೆಯದಕ್ಕೆ ಅದು ತಗ್ಗುವುದಿಲ್ಲ. ತಾಯಿಯ ಪಾಲೆಷ್ಟೋ ತಂದೆಯದೂ ಅಷ್ಟೇ.

ಬೆಟ್ಟದವರ ಮಾತು ನಮಗೇಕೆನ್ನಬೇಡಿ. ಇದೇ ಬಗೆಯಲ್ಲಿ ಬರುವ ಥಲಸ್ಸೇಮಿಯ ಬಯಲಿನವರಲ್ಲೂ ಉಂಟು. ಸೋದರಮಾವನಿಗೇ ಹೆಣ್ಣು ಕೊಡುವ ಮನೆಗಳಲ್ಲಂತೂ ಒಂದೇ ದೋಷ ಎರಡು ಕಡೆಯಿಂದ ಕೂಡುವ ಸಂಭವ ಹೆಚ್ಚು.

ಕುಡುಗೋಲು ಕಣದ ರೋಗವನ್ನು 2047ರೊಳಗೆ ತೊಡೆಯಬೇಕೆಂದು 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನವೇ ಆರಂಭವಾಯಿತು. ಮೊದಲ ಪರೀಕ್ಷೆಗೆ ಬೆರಳ ತುದಿಯ ತೊಟ್ಟು ರಕ್ತ ಸಾಕು. ಲಗ್ನಕ್ಕೆ ಮುಂಚೆಯೇ ಆದರೆ ಲೇಸು. ಆದರೆ ಪರೀಕ್ಷೆಯ ಕಾಗದ ಹಿಡಿದು ಹೆಣ್ಣನ್ನು ಬೇಡವೆನ್ನುವವರು ಗಂಡಿನ ಕಾಗದವನ್ನೂ ತೋರಿಸಲಿ. ಬಸುರಿ ಹೆಂಗಸು ವಾಹಕಳೆಂದು ತಿಳಿದರೆ ತಡಮಾಡದೆ ಗಂಡನ ರಕ್ತವನ್ನೂ ಪರೀಕ್ಷಿಸಿಸಿ; ಅವನ ಹಿಮೋಗ್ಲೋಬಿನಿನಲ್ಲಿ ಇಂಥ ದೋಷವಾವುದೂ ಇಲ್ಲವಾದರೆ ಕೂಸಿಗೆ ಈ ರೋಗದ ಭಯವಿಲ್ಲ.