ಸಿಂಪರಣಾ ಪಂಪು ಕಂಪನಿ ಕೊಟ್ಟಂತೆಯೇ ಇರಲೋ, ಬದಲಾಯಿಸಬೇಕೋ?

(ಖಾನಾಪುರ ತಾಲೂಕಿನ ಹಲಸಿಯಲ್ಲಿ ಭತ್ತದ ಬೆಳೆಗಾರರ ಮುಂದೆ ಮಾಡಿದ ಭಾಷಣದ ಬರಹರೂಪ)



ಸಭೆ ಕೂಡುವ ಮೊದಲು ನೀವು ತಂದು ಗೋಡೆಗೆ ಒರಗಿಸಿಟ್ಟ ಪಂಪುಗಳನ್ನು ಒಂದೊಂದಾಗಿ ನೋಡಿದೆ. ಕಂಪನಿಯಿಂದ ಬಂದ ಹಾಗೆಯೇ ಉಳಿದದ್ದು ಬಹಳ ಕಡಿಮೆ. ಒಂದರ ನಾಜಲ್ಲಿನ ತೂತನ್ನು ಸೂಜಿಯಿಂದ ದೊಡ್ಡದು ಮಾಡಲಾಗಿದೆ. ಇನ್ನೊಂದರ ಮುಚ್ಚಳಕ್ಕೆ ಸೈಕಲ್ ಟ್ಯೂಬು ಕತ್ತರಿಸಿ ವಾಷರ್ ಹಾಕಿದ್ದಾರೆ. ಬ್ಯಾಟರಿ ಪಂಪೊಂದಕ್ಕೆ ಎರಡನೆಯ ಮೋಟರು ಸೇರಿದೆ. ಮತ್ತೊಂದರ ಹೆಗಲಪಟ್ಟಿಗೆ ಹಳೆಯ ಕಂಬಳಿಯ ತುಂಡು ಹೊಲಿದಿದ್ದಾರೆ. ಇವುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬುದೇ ಈ ಹೊತ್ತಿನ ಮಾತು. ಎಣ್ಣೆ ಹೊಡೆಯುವುದು ಎಂದು ನಾವು ಸಲೀಸಾಗಿ ಹೇಳುವ ಕೆಲಸದಲ್ಲಿ ಪಂಪು ಬರೀ ಹೊರುವ ಡಬ್ಬಿಯಲ್ಲ, ಅದು ಅಳತೆಯ ಸಾಧನವೂ ಹೌದು.

ಸಾಮಾನು ಬದಲಾಯಿಸುವ ಗುಣ ನಮ್ಮ ಒಕ್ಕಲುತನಕ್ಕೆ ಹೊಸದಲ್ಲ. ಈ ಭಾಗದಲ್ಲಿ ಭತ್ತವನ್ನು ಕೂರಿಗೆಯಿಂದ ಬಿತ್ತುವ ರೂಢಿ ಇದೆ. ಬಡಿಗೇರನು ಕೂರಿಗೆಯನ್ನು ನಿಮ್ಮ ಎತ್ತಿನ ಎತ್ತರ ನೋಡಿ, ನಿಮ್ಮ ಎಡೆಕುಂಟೆಯ ಅಗಲ ನೋಡಿ ಮಾಡಿಕೊಡುತ್ತಿದ್ದ. ಕಾರ್ಖಾನೆಯ ಸಾಮಾನು ಆಮೇಲೆ ಬಂತು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂದೆ ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ಜನ ಹಿಂದೆ ಸರಿದಿದ್ದರು. 1910ರಲ್ಲಿ ಅವರ ಕಾರ್ಖಾನೆ ಬೆಳಗಾವಿ ಬಿಟ್ಟು ಕಿರ್ಲೋಸ್ಕರವಾಡಿಗೆ ಹೋಯಿತು, ನೇಗಿಲು ಮಾತ್ರ ನಮ್ಮ ಹೊಲಗಳಲ್ಲಿ ನಿಂತಿತು. ಮರದ ನೇಗಿಲನ್ನು ಮನೆಯಲ್ಲೇ ಕೆತ್ತಿ ಸರಿಪಡಿಸಬಹುದಾಗಿತ್ತು. ಕಬ್ಬಿಣದ್ದರಲ್ಲಿ ಸವೆದ ಕುಳ ಬದಲಾಯಿಸಬಹುದು, ಆಳ ಹೆಚ್ಚು ಕಡಿಮೆ ಮಾಡಬಹುದು, ಅದಕ್ಕಿಂತ ಹೆಚ್ಚಿಗೆ ಕೈ ಹಾಕಿದರೆ ಅದು ಸರಿಯಾಗಿ ಮಣ್ಣು ತಿರುವುವುದಿಲ್ಲ. ಪಂಪಿನ ವಿಷಯವೂ ಹೀಗೆಯೇ. ಎಲ್ಲಿಯವರೆಗೆ ಕೈ ಹಾಕಬಹುದು ಎಂಬ ಗೆರೆ ಗೊತ್ತಿರಬೇಕು.

ಮೊದಲು ನಾಜಲ್ಲಿನ ಮಾತು, ಏಕೆಂದರೆ ಹೆಚ್ಚಿನ ನಷ್ಟ ಆಗುವುದು ಇಲ್ಲಿಯೇ. ನಾಜಲ್ಲನ್ನು ಕೆಲಸಕ್ಕೆ ತಕ್ಕಂತೆ ಬದಲಾಯಿಸಲೇಬೇಕು. ಕೊಳ್ಳುವಾಗ ಬರುವ ನಾಜಲ್ಲು ಸಾಮಾನ್ಯವಾಗಿ ಶಂಕುವಿನ ಆಕಾರದಲ್ಲಿ, ನಡುವೆ ಟೊಳ್ಳಾಗಿ ಸಿಂಪಡಿಸುವಂಥದ್ದು. ಅದರ ಹನಿ ಸಣ್ಣದು, ಎಲೆಯ ಮೇಲೂ ಕೆಳಗೂ ಸುತ್ತಿ ಕೂಡುತ್ತದೆ. ಹುಳಕ್ಕೆ, ರೋಗಕ್ಕೆ ಅದು ತಕ್ಕದ್ದು. ಆದರೆ ಕಸ ಸಾಯಿಸುವ ಕಳೆನಾಶಕಕ್ಕೆ ಅದನ್ನು ಬಳಸಬಾರದು. ಕಳೆನಾಶಕವು ನೆಲದ ಮೇಲೆ ಅಥವಾ ಕಸದ ಮೇಲೆ ಒಂದೇ ಸಮನಾಗಿ, ಸ್ವಲ್ಪ ದಪ್ಪ ಹನಿಯಲ್ಲಿ ಬೀಳಬೇಕು. ಅದಕ್ಕೆ ಬೀಸಣಿಗೆಯಂತೆ ಚಪ್ಪಟೆಯಾಗಿ ಹರಡುವ ನಾಜಲ್ಲು ಬೇಕು. ಬಿತ್ತಿದ ಕೂಡಲೇ ಬರಿ ನೆಲಕ್ಕೆ ಹೊಡೆಯುವುದಾದರೆ ಅಗಲವಾಗಿ ಚೆಲ್ಲುವ ಫ್ಲಡ್ ನಾಜಲ್ಲೂ ಆಗಬಹುದು. ಸಣ್ಣ ಹನಿಯ ಕಳೆನಾಶಕ ಗಾಳಿಗೆ ಹಾರಿ ನೆರೆಯವನ ಹೊಲಕ್ಕೆ ಹೋಗುತ್ತದೆ. 2,4-ಡಿ ಭತ್ತಕ್ಕೆ ಹೊಡೆದದ್ದು ಹಾರಿ ಮೆಣಸಿನಕಾಯಿ, ಬದನೆ, ಟೊಮೆಟೊ ಗಿಡಗಳ ಎಲೆ ಮುರುಟಿಸಿದರೆ ಅಣ್ಣ ತಮ್ಮಂದಿರ ನಡುವೆಯೂ ಪಂಚಾಯಿತಿ ಸೇರಬೇಕಾಗುತ್ತದೆ. ಆದ್ದರಿಂದ ಕಂಪನಿ ಕೊಟ್ಟ ಒಂದೇ ನಾಜಲ್ಲಿನಲ್ಲಿ ಎಲ್ಲಾ ಕೆಲಸ ಮಾಡುವವನು ಉಳಿತಾಯ ಮಾಡುತ್ತಿಲ್ಲ.

ಇರುವ ನಾಜಲ್ಲಿನ ತೂತು ಹಿಗ್ಗಿಸುವುದು ಬೇರೆಯೇ ಮಾತು. ಅದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಸೂಜಿ, ತಂತಿ ಹಾಕಿದರೆ ತೂತು ದೊಡ್ಡದಾಗುವುದಷ್ಟೇ ಅಲ್ಲ, ಅದರ ಅಂಚು ಕೆಡುತ್ತದೆ. ಒಂದು ಕಡೆ ಧಾರೆ, ಇನ್ನೊಂದು ಕಡೆ ಬರಿದು. ಧಾರೆ ಬಿದ್ದಲ್ಲಿ ಭತ್ತ ಹಳದಿಯಾಗುತ್ತದೆ, ಬರಿದಾದಲ್ಲಿ ಕಸ ನಗುತ್ತದೆ. ಕಸ ಸಿಕ್ಕಿದ್ದರೆ ನಾಜಲ್ಲನ್ನು ನೀರಿನಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ. ಬಾಯಿಂದ ಊದುವವರು ಇನ್ನೂ ಇದ್ದಾರೆ. ವಿಷವನ್ನು ತುಟಿಗೆ ಹಚ್ಚಿಕೊಳ್ಳುವ ಈ ಅಭ್ಯಾಸವನ್ನು ಇಂದೇ ಬಿಡಿ.

ಸೂಜಿ ಹಾಕದಿದ್ದರೂ ನಾಜಲ್ಲು ಸವೆಯುತ್ತದೆ. ಹಿತ್ತಾಳೆಯದು ಬೇಗ, ಸ್ಟೇನ್‌ಲೆಸ್ ಸ್ಟೀಲಿನದು ನಿಧಾನ, ಪಿಂಗಾಣಿಯದು ಇನ್ನೂ ನಿಧಾನ. ಹಿತ್ತಾಳೆ ಹೊಳೆಯುತ್ತದೆಂದು ಅದೇ ಗಟ್ಟಿ ಎಂದು ತಿಳಿಯಬೇಡಿ. ಹೊಸ ನಾಜಲ್ಲು ತಂದ ದಿನವೇ ಒಂದು ನಿಮಿಷ ಬರೀ ನೀರನ್ನು ಅಳತೆಯ ಪಾತ್ರೆಗೆ ಬಿಟ್ಟು, ಎಷ್ಟು ಬಂತೆಂದು ಪಂಪಿನ ಟಾಕಿಯ ಮೇಲೆ ಬಣ್ಣದಲ್ಲಿ ಬರೆದಿಡಿ. 600 ಮಿ.ಲೀ. ಬರುತ್ತಿದ್ದದ್ದು ಮುಂದೊಂದು ದಿನ 660 ದಾಟಿದರೆ, ಅಂದರೆ ನೂರಕ್ಕೆ ಹತ್ತು ಹೆಚ್ಚಾದರೆ, ಆ ನಾಜಲ್ಲಿನ ಆಯುಷ್ಯ ಮುಗಿಯಿತು. ನಾಜಲ್ಲಿನ ಬೆಲೆ ಒಂದು ಬಾಟಲಿ ಕಳೆನಾಶಕದ ಬೆಲೆಯ ಮುಂದೆ ಏನೂ ಅಲ್ಲ.

ಈಗ ಲೆಕ್ಕಕ್ಕೆ ಬರೋಣ. ಡಬ್ಬಿಯ ಮೇಲೆ ಎಕರೆಗೆ 100 ಮಿ.ಲೀ. ಎಂದು ಬರೆದಿದೆ ಎಂದುಕೊಳ್ಳಿ. ನಿಮ್ಮ ಹಳೆಯ ನಾಜಲ್ಲಿನಲ್ಲಿ ಎಕರೆಗೆ 16 ಲೀಟರಿನ 8 ಟಾಕಿ ಹೋಗುತ್ತಿತ್ತು. ಟಾಕಿಗೆ ಹನ್ನೆರಡೂವರೆ ಮಿ.ಲೀ. ಹಾಕುತ್ತಿದ್ದಿರಿ, ಲೆಕ್ಕ ಸರಿ ಹೋಗುತ್ತಿತ್ತು. ಈಗ ಬೇಗ ಮುಗಿಯಲೆಂದು ಹೆಚ್ಚು ಸುರಿಯುವ ನಾಜಲ್ಲು ತಂದಿರಿ. ಎಕರೆಗೆ 12 ಟಾಕಿ ಹೋಯಿತು. ಅಳತೆಯ ಮುಚ್ಚಳ ಮಾತ್ರ ಅದೇ. ಬಿದ್ದದ್ದು 150 ಮಿ.ಲೀ., ಒಂದೂವರೆ ಪಟ್ಟು. ಸಣ್ಣ ನಾಜಲ್ಲು ಹಾಕಿ 5 ಟಾಕಿಯಲ್ಲಿ ಮುಗಿಸಿದವನಿಗೆ ಬಿದ್ದದ್ದು ಕೇವಲ ಅರವತ್ತೆರಡೂವರೆ. ಮೊದಲನೆಯವನ ಬೆಳೆಗೆ ಪೆಟ್ಟು, ಎರಡನೆಯವನ ಕಸ ಸಾಯಲಿಲ್ಲ. ಇಬ್ಬರೂ ಔಷಧಿ ಖೋಟಾ ಎಂದು ಅಂಗಡಿಯವನ ಮೇಲೆ ಹೋಗುತ್ತಾರೆ. ಖೋಟಾ ಔಷಧಿ ಇಲ್ಲವೆಂದು ನಾನು ಹೇಳುವುದಿಲ್ಲ, ಆದರೆ ಮೊದಲು ಪಂಪನ್ನು ಅಳೆಯಿರಿ.

ಅಳೆಯುವುದು ಕಷ್ಟವಲ್ಲ. ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲಕ್ಕೆ ಹಗ್ಗ ಹಿಡಿದರೆ ಒಂದು ಗುಂಟೆ. ಟಾಕಿಗೆ 10 ಲೀಟರ್ ಬರೀ ನೀರು ಹಾಕಿ, ನಿಮ್ಮ ಎಂದಿನ ನಡಿಗೆಯಲ್ಲಿ ಆ ಗುಂಟೆಗೆ ಹೊಡೆಯಿರಿ. ಉಳಿದ ನೀರನ್ನು ಅಳೆಯಿರಿ. 6 ಲೀಟರ್ 800 ಮಿ.ಲೀ. ಉಳಿದರೆ ಹೋದದ್ದು 3 ಲೀಟರ್ 200. ಅದನ್ನು 40ರಿಂದ ಗುಣಿಸಿದರೆ ಎಕರೆಗೆ 128 ಲೀಟರ್, 16 ಲೀಟರಿನ ಟಾಕಿಯಲ್ಲಿ 8 ಸಲ. ಎಕರೆಯ ಔಷಧಿಯನ್ನು 8 ಪಾಲು ಮಾಡಿ. ಹೊಡೆಯುವವನು ಬದಲಾದರೆ ನಡಿಗೆ ಬದಲಾಗುತ್ತದೆ, ಆಗ ಮತ್ತೆ ಅಳೆಯಬೇಕು. ಕೆಸರು ಗದ್ದೆಯ ನಡಿಗೆಯೂ ಒಣ ಹೊಲದ ನಡಿಗೆಯೂ ಒಂದೇ ಅಲ್ಲ. ಈ ನಿಮ್ಮ ಹಲಸಿಯಲ್ಲಿ ದೊರೆತ ಕದಂಬರ ತಾಮ್ರಪಟಗಳಲ್ಲಿ ದಾನದ ಭೂಮಿಯನ್ನು ನಿವರ್ತನವೆಂಬ ಅಳತೆಯಲ್ಲಿ ಬರೆದಿದ್ದಾರೆ. ಭೂಮಿ ಅಳೆದು ಬರೆದಿಡುವ ಊರಿನವರಿಗೆ ಒಂದು ಗುಂಟೆ ಅಳೆಯಲು ನಾನು ಹೇಳಿಕೊಡಬೇಕಿಲ್ಲ.

ಎರಡನೆಯದು ಒತ್ತಡ. ಬ್ಯಾಟರಿ ಪಂಪು ಬಂದ ಮೇಲೆ ಎರಡು ಮೋಟರಿನ ಹುಚ್ಚು ಹೆಚ್ಚಾಗಿದೆ. ಇಲ್ಲಿ ಒಂದು ನಿಯಮ ತಿಳಿದಿರಲಿ. ಅದೇ ನಾಜಲ್ಲಿನಲ್ಲಿ ನೀರು ಎರಡು ಪಟ್ಟು ಬರಬೇಕಾದರೆ ಒತ್ತಡ ನಾಲ್ಕು ಪಟ್ಟು ಆಗಬೇಕು. ಮೋಟರಿಗೆ ಖರ್ಚು ಮಾಡಿದಷ್ಟು ನೀರು ಹೆಚ್ಚುವುದಿಲ್ಲ, ಹನಿ ಮಾತ್ರ ಇನ್ನಷ್ಟು ಸಣ್ಣದಾಗಿ ಗಾಳಿಗೆ ಹೋಗುತ್ತದೆ. ಕೊಳವೆ, ಜೋಡಣೆ, ಮುಚ್ಚಳ ಎಲ್ಲವೂ ಮೊದಲಿನ ಒತ್ತಡಕ್ಕೆ ಮಾಡಿದವು. ಸೋರುವುದು ನಿಮ್ಮ ಬೆನ್ನ ಮೇಲೆಯೇ. ಬ್ಯಾಟರಿಯೂ ಮಧ್ಯಾಹ್ನಕ್ಕೆ ಮೊದಲೇ ಕೈಕೊಡುತ್ತದೆ. ಎತ್ತರದ ಮಾವು, ಗೋಡಂಬಿ ಮರಗಳಿಗೆ ಹೊಡೆಯುವವನಿಗೆ ಜೋರು ಬೇಕಾದೀತು, ಅವನು ಆ ಕೆಲಸಕ್ಕೆಂದೇ ಮಾಡಿದ ಪಂಪನ್ನು ಬಾಡಿಗೆಗೆ ತರಲಿ. ಭತ್ತದ ಗದ್ದೆಯ ಕಸಕ್ಕೆ ಬೇಕಾದದ್ದು ಜೋರಲ್ಲ, ಏರಿಳಿತವಿಲ್ಲದ ಒತ್ತಡ. ಆದ್ದರಿಂದ ಒತ್ತಡವನ್ನು ಒಂದೇ ಮಟ್ಟದಲ್ಲಿ ಹಿಡಿಯುವ ಚಿಕ್ಕ ಕವಾಟವನ್ನು ನಾಜಲ್ಲಿನ ಹಿಂದೆ ಜೋಡಿಸುವುದು ನನ್ನ ದೃಷ್ಟಿಯಲ್ಲಿ ಪಂಪಿಗೆ ಮಾಡಬಹುದಾದ ಅತ್ಯುತ್ತಮ ಸುಧಾರಣೆ. ಕೈಪಂಪಿನವರಿಗೆ ಇದು ಇನ್ನೂ ಉಪಯುಕ್ತ, ಏಕೆಂದರೆ ದಣಿದಂತೆಲ್ಲ ಸನ್ನೆ ಒತ್ತುವ ಕೈ ನಿಧಾನವಾಗುತ್ತದೆ.

ಮೊನ್ನೆ ಒಬ್ಬ ಹುಡುಗ ನನಗೆ ಬೇರೆ ಉದಾಹರಣೆ ಕೊಟ್ಟ. ಅವನಿಗೆ ಮಲಪ್ರಭೆಯಲ್ಲಿ ಗಾಳ ಹಾಕುವ ಗೀಳು. ರೀಲಿನ ಬೇರಿಂಗ್ ಬದಲಿಸಿದ್ದಾನೆ, ಹಿಡಿಕೆ ಬದಲಿಸಿದ್ದಾನೆ, ದಾರ ಬಿಗಿ ಹಿಡಿಯುವ ಬಿಲ್ಲೆಗಳನ್ನು ಕಾರ್ಬನ್ನಿನವು ಮಾಡಿಸಿದ್ದಾನೆ. ಅದೇ ರೀತಿ ಪಂಪಿಗೂ ಏಕೆ ಬೇಡ ಎಂದು ಕೇಳಿದ. ರೀಲಿನಲ್ಲಿಯೂ ಅಂಗೈಗೆ ಒಗ್ಗುವ ಹಿಡಿಕೆ ಹಾಕಿಸಿಕೊಳ್ಳುವುದರಲ್ಲಿ ಅರ್ಥವಿದೆ, ದಾರ ಮಾತ್ರ ಹಳೆಯದೇ ಉಳಿದರೆ ಹೊಸ ಬಿಲ್ಲೆ ಬಿಗಿ ಹಿಡಿದಷ್ಟೂ ದಾರವೇ ತುಂಡಾಗುತ್ತದೆ. ಅಲ್ಲಿ ಹೋಗುವುದು ಒಂದು ಮೀನು. ಇಲ್ಲಿ ವರ್ಷದ ಅನ್ನ.

ಹಿಡಿಕೆಯ ಮಾತು ಬಂದದ್ದರಿಂದ ಹೇಳುತ್ತೇನೆ, ಮೈಗೆ ತಾಗುವ ಭಾಗವನ್ನು ಧಾರಾಳವಾಗಿ ಬದಲಾಯಿಸಿಕೊಳ್ಳಿ. ತುಂಬಿದ ಟಾಕಿಯಲ್ಲಿ ನೀರೇ 16 ಕಿಲೋ. ಕಂಪನಿಯ ಪಟ್ಟಿ ತೆಳ್ಳಗಿದ್ದು ಹೆಗಲು ಕೊಯ್ಯುತ್ತದೆ. ಅಗಲ ಪಟ್ಟಿ ಹಾಕಿಸಿ, ಕುಳ್ಳಗಿನವರು ಅದನ್ನು ಗಿಡ್ಡ ಮಾಡಿಸಿಕೊಳ್ಳಲಿ, ಸೊಂಟಕ್ಕೂ ಒಂದು ಪಟ್ಟಿ ಇದ್ದರೆ ಭಾರ ಹಂಚಿಹೋಗುತ್ತದೆ. ಆದರೆ ಕಂಬಳಿ, ಬಟ್ಟೆ, ಸ್ಪಂಜು ಹೊಲಿಯಬೇಡಿ. ಅವು ಔಷಧಿ ಹೀರಿಕೊಂಡು ದಿನವಿಡೀ ಹೆಗಲಿಗೆ ಅಂಟಿರುತ್ತವೆ, ಚರ್ಮದ ಮೂಲಕ ವಿಷ ಒಳಗೆ ಹೋಗುತ್ತದೆ. ರೆಕ್ಸಿನ್ ಹೊದಿಸಿದ ಮೆತ್ತೆಯಾದರೆ ಒರೆಸಿ ತೊಳೆಯಬಹುದು. ಸಾಲಿನ ನಡುವೆ ಮಾತ್ರ ಹೊಡೆಯುವಾಗ ನಾಜಲ್ಲಿನ ಸುತ್ತ ಕಟ್ಟುವ ಪ್ಲಾಸ್ಟಿಕ್ ಗುಮ್ಮಟವೂ ಒಳ್ಳೆಯದೇ, ಬೆಳೆಗೆ ಸಿಡಿಯುವುದಿಲ್ಲ.

ಸೈಕಲ್ ಟ್ಯೂಬಿನ ವಾಷರ್ ಬೇಡವೆಂದು ಹೇಳುವುದಕ್ಕೂ ಕಾರಣವಿದೆ. ಅನೇಕ ಔಷಧಿಗಳಲ್ಲಿ ಇರುವ ದ್ರಾವಕ ಸಾಧಾರಣ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ನಾಲ್ಕು ದಿನ ಬಿಗಿಯಾಗಿದ್ದು ಐದನೆಯ ದಿನ ಸೋರುತ್ತದೆ. ಮುಚ್ಚಳದ್ದು, ಗುಂಡಿ ಕವಾಟದ್ದು, ಪಂಪಿನ ಬಟ್ಟಲದ್ದು, ಈ ವಾಷರ್‌ಗಳನ್ನು ಆ ಕಂಪನಿಯವೇ ಒಂದೊಂದು ಜೊತೆ ಮನೆಯಲ್ಲಿ ಇಟ್ಟುಕೊಳ್ಳಿ. ಜಾಲರಿಯನ್ನು ತೆಗೆದು ಬಿಸಾಡಿದ ಪಂಪುಗಳನ್ನೂ ಇಲ್ಲಿ ಕಂಡೆ. ಜಾಲರಿ ತೆಗೆದ ಪಂಪಿನಲ್ಲೇ ನಾಜಲ್ಲು ಕಟ್ಟುತ್ತದೆ, ಕಟ್ಟಿದಾಗಲೇ ಸೂಜಿ ಹೊರಬರುತ್ತದೆ. ಹಳ್ಳದ ನೀರು ತುಂಬುವವರು ಬಾಯಿಗೆ ಬಟ್ಟೆಯನ್ನೂ ಹಿಡಿಯಿರಿ.

ಬ್ಯಾಟರಿಯಲ್ಲಿ ಸೀಸದ್ದನ್ನು ತೆಗೆದು ಲಿಥಿಯಂ ಹಾಕಿಸಿದರೆ ಭಾರ ಇಳಿಯುತ್ತದೆ, ಆದರೆ ವೋಲ್ಟೇಜು ಮೊದಲಿನಷ್ಟೇ ಇರಬೇಕು, ಚಾರ್ಜರೂ ಅದಕ್ಕೆಂದೇ ಮಾಡಿದ್ದಾಗಿರಬೇಕು. ಹಳೆಯ ಚಾರ್ಜರನ್ನು ಹಚ್ಚಿ ರಾತ್ರಿಯೆಲ್ಲಾ ಮನೆಯೊಳಗೆ ಬಿಡುವುದು ಅಪಾಯ. ಸೀಸದ್ದನ್ನೇ ಇಟ್ಟುಕೊಳ್ಳುವವರು ಸುಗ್ಗಿ ಮುಗಿದ ಮೇಲೆ ಪಂಪನ್ನು ಅಟ್ಟಕ್ಕೆ ಹಾಕಿ ಮರೆಯುತ್ತಾರೆ. ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದ ಬ್ಯಾಟರಿ ಮುಂದಿನ ಮುಂಗಾರಿಗೆ ಏಳುವುದಿಲ್ಲ. ತಿಂಗಳಿಗೊಮ್ಮೆ ಚಾರ್ಜ್ ಮಾಡಿದರೆ ಸಾಕು.

ಹೊಸ ಪಂಪಾದರೆ ವಾರಂಟಿ ಮುಗಿಯುವವರೆಗೆ ಮೋಟರು, ಪಂಪು, ಟಾಕಿಗೆ ಕೈ ಹಚ್ಚಲೇಬೇಡಿ. ಬಾಡಿಗೆ ಯಂತ್ರವಂತೂ ಬಂದ ಹಾಗೆಯೇ ಹಿಂದಿರುಗಬೇಕು, ನಿಮ್ಮ ನಾಜಲ್ಲನ್ನು ಮಾತ್ರ ಜೇಬಿನಲ್ಲಿ ಒಯ್ಯಿರಿ.

ಒಂದೇ ಪಂಪಿನಲ್ಲಿ ಕಳೆನಾಶಕವನ್ನೂ ಹುಳದ ಔಷಧಿಯನ್ನೂ ಹೊಡೆಯಬಹುದೇ ಎಂದು ಹಿಂದಿನ ಸಾಲಿನಿಂದ ತಾಯಿಯೊಬ್ಬರು ಕೇಳುತ್ತಿದ್ದಾರೆ. ಬೇಡ, ತಾಯಿ. ನಾಲ್ಕು ಮನೆಯವರು ಸೇರಿ ಕಳೆನಾಶಕಕ್ಕೆಂದೇ ಒಂದು ಹಳೆಯ ಕೈಪಂಪನ್ನು ಬೇರೆ ಇಟ್ಟು, ಅದರ ಮೇಲೆ ಕೆಂಪು ಪಟ್ಟೆ ಬಳಿಯಿರಿ. ಒಂದೇ ಪಂಪು ಇರುವವರು ಮೂರು ಸಲ ತೊಳೆಯಬೇಕು, ನಡುವಿನ ಸಲ ನೀರಿಗೆ ಬಟ್ಟೆ ಸೋಡಾ ಹಾಕಿ, ಕೊಳವೆ ಮತ್ತು ನಾಜಲ್ಲಿನ ಮೂಲಕವೂ ಹಾಯಿಸಬೇಕು. ಆ ನೀರು ಬಾವಿಗೆ, ಹಳ್ಳಕ್ಕೆ, ದನ ಕುಡಿಯುವ ತೊಟ್ಟಿಗೆ ಹೋಗದಿರಲಿ.

ಪಕ್ಕದ ಗದ್ದೆಯಲ್ಲಿ ಒಂದು ಗುಂಟೆಗೆ ಹಗ್ಗ ಹಿಡಿದಿದ್ದೇವೆ. ಅಳತೆಯ ಪಾತ್ರೆಗಳೂ ಇವೆ. ಪಂಪು ತಂದವರು ಬರೀ ನೀರು ತುಂಬಿಕೊಂಡು ಒಬ್ಬೊಬ್ಬರಾಗಿ ಬನ್ನಿ. ಎರಡು ಮೋಟರಿನವರು ಮೊದಲು ಬರಲಿ.